ಅಂಗಳದ ಹಲಸಿನ ಮೇಜು

ಹಲಸಿನ ಮರ ಕೊಯ್ದಾಗ ಹಸಿ ಅರಿಸಿನದ ಬಣ್ಣ. ವರ್ಷ ಕಳೆದಂತೆ ಜೇನಿನ ಬಣ್ಣ, ಆಮೇಲೆ ಕಂದು. ಅಂಗಳಕ್ಕೊಂದು ಮೇಜು ಮಾಡಲು ಹೊರಟಾಗ ಬೇರೆ ಮರ ನನಗೆ ನೆನಪಾಗಲೇ ಇಲ್ಲ. ಇದರ ಕೆಚ್ಚಿಗೆ ಗೆದ್ದಲು ಸುಲಭಕ್ಕೆ ಬಾಯಿ ಹಾಕುವುದಿಲ್ಲ.

ಹಲಗೆಗಳನ್ನು ಒತ್ತಾಗಿ ಜೋಡಿಸಲಿಲ್ಲ. ಮಳೆಗಾಲದಲ್ಲಿ ಮರ ಉಬ್ಬುವುದು ಉದ್ದಕ್ಕಲ್ಲ, ಅಗಲಕ್ಕೆ. ನಡುನಡುವೆ 6 ಮಿಲಿಮೀಟರ್ ಸಂದು ಬಿಟ್ಟರೆ ಉಬ್ಬಲು ಜಾಗವೂ ಆಯಿತು, ನೀರಿಳಿಯಲು ದಾರಿಯೂ ಆಯಿತು. ಹೆಚ್ಚು ನೀರು ಕುಡಿಯುವುದು ಕಾಲಿನ ತುದಿ. ಅಲ್ಲಿಗೆ ಮೂರು ಸಲ ಗೇರೆಣ್ಣೆ. (ಕೈಗೆ ತಾಗಿದರೆ ಸುಡುತ್ತದೆ, ಬಟ್ಟೆ ಸುತ್ತಿದ ಕೋಲಿನಲ್ಲೇ ಹಚ್ಚಬೇಕು.) ಇದಕ್ಕೂ ಮೊದಲು ಹಲಗೆ ನಯಮಾಡುವಾಗ, ಕೀಸುಳಿ ಓಡಿದಲ್ಲೆಲ್ಲ ಕಾಗದದಷ್ಟು ತೆಳ್ಳಗೆ ಹಳದಿ ಸುರುಳಿಗಳು ಏಳುತ್ತಿದ್ದವು. ಎಂಥ ಚೆಲುವು ಅದು!

ಮೊದಲ ಮಳೆಯ ದಿನ ಹನಿಗಳು ಹಲಗೆಯ ಮೇಲೆ ಮಣಿಗಟ್ಟಿ, ಸಂದಿನಲ್ಲಿ ಜಾರಿ ಇಳಿದವು. ಅದನ್ನು ನೋಡುತ್ತಾ ಜಗಲಿಯಲ್ಲೇ ನಿಂತಿದ್ದೆ.