ಮತ್ತಾಯನ ಕರೆ: ಒಂದು ಬೆರಳಿನ ಅರ್ಥವಿಚಾರ

ಇಟಲಿಯ ಚಿತ್ರಕಾರ ಕಾರವಾಜ್ಜೋ (1571–1610) ರೋಮ್ ನಗರದ ಸಾನ್ ಲುಯಿಜಿ ದೇಯಿ ಫ್ರಾಂಚೇಸಿ ಎಂಬ ಇಗರ್ಜಿಗಾಗಿ 1599–1600ರಲ್ಲಿ ರಚಿಸಿದ 'ಸಂತ ಮತ್ತಾಯನ ಕರೆ'ಯು ನೋಡಿದೊಡನೆ ತಿಳಿದಂತೆ ತೋರಿ, ನೋಡುತ್ತ ಹೋದಂತೆ ಜಟಿಲವಾಗುವ ಕೃತಿ. ಕಥೆಯೇನೋ ಸರಳವಾದುದು. ಸುಂಕದ ಕಟ್ಟೆಯಲ್ಲಿ ಕುಳಿತಿದ್ದ ಮತ್ತಾಯನನ್ನು ಯೇಸುವು ಕರೆದನು. ಅವನು ಎದ್ದು ಹಿಂಬಾಲಿಸಿದನು. ಸುವಾರ್ತೆಯಲ್ಲಿ ಇದು ಒಂದೆರಡು ವಾಕ್ಯಗಳ ಮಾತು.

ಚಿತ್ರದ ಬಲಗಡೆ ನೆರಳಿನಲ್ಲಿ ಯೇಸುವೂ ಪೇತ್ರನೂ ಬರಿಗಾಲಿನಲ್ಲಿ ನಿಂತಿದ್ದಾರೆ. ಎಡಗಡೆ ಮೇಜಿನ ಸುತ್ತ, ಚಿತ್ರಕಾರನ ಕಾಲದ ಉಡುಪನ್ನು ತೊಟ್ಟ ಐವರಿದ್ದಾರೆ. ಯೇಸುವಿನ ಕೈ ಅವರತ್ತ ಚಾಚಿದೆ. ಐವರ ನಡುವಣ ಗಡ್ಡದವನು ಬೆರಳು ತೋರಿಸುತ್ತಿದ್ದಾನೆ. ಅವನು ತನ್ನನ್ನೇ ತೋರಿಸಿಕೊಂಡು 'ನನ್ನನ್ನೇ?' ಎನ್ನುತ್ತಿರುವನೋ, ಮೇಜಿನ ತುದಿಯಲ್ಲಿ ತಲೆತಗ್ಗಿಸಿ ನಾಣ್ಯಗಳಲ್ಲಿ ಮುಳುಗಿರುವ ತರುಣನನ್ನು ತೋರಿಸಿ 'ಇವನನ್ನೇ?' ಎನ್ನುತ್ತಿರುವನೋ? ಬಹುಕಾಲ ಗಡ್ಡದವನೇ ಮತ್ತಾಯನೆಂದು ತಿಳಿಯಲಾಗಿತ್ತು. 1980ರ ದಶಕದಿಂದೀಚೆಗೆ ಕೆಲವು ವಿದ್ವಾಂಸರು ತರುಣನ ಪಕ್ಷವನ್ನು ವಹಿಸಿದ್ದಾರೆ.

ಈ ಹೊಸ ಪಕ್ಷವು ಮನೋಹರವಾದುದೆಂಬುದರಲ್ಲಿ ಸಂದೇಹವಿಲ್ಲ. ತಲೆಯೆತ್ತಿ ನೋಡದವನನ್ನೂ ಕೃಪೆಯು ಅರಸಿ ಬರುತ್ತದೆಂಬ ಭಾವ ಅದರಲ್ಲಿದೆ. ಆದರೆ ಮನೋಹರವಾದುದೆಲ್ಲ ಪ್ರಮಾಣವಾಗಲಾರದು. ಅದೇ ಪ್ರಾರ್ಥನಾಗೃಹದಲ್ಲಿ ಇದೇ ಚಿತ್ರಕಾರನ ಇನ್ನೆರಡು ಚಿತ್ರಗಳಿವೆ: ಎದುರುಗೋಡೆಯಲ್ಲಿ ಮತ್ತಾಯನ ಬಲಿದಾನ, ಪೂಜಾವೇದಿಕೆಯ ಮೇಲೆ, 1602ರಲ್ಲಿ ಬರೆದ, ಅವನ ಸುವಾರ್ತಾರಚನೆ. ಎರಡರಲ್ಲಿಯೂ ಮತ್ತಾಯನು ಗಡ್ಡಧಾರಿ. ಒಂದೇ ಕಾವ್ಯದ ಮೂರು ಸಂಧಿಗಳಂತಿರುವ ಇವನ್ನು ಬಿಡಿಬಿಡಿಯಾಗಿ ಓದುವುದು ಉಚಿತವಲ್ಲ. ಆದುದರಿಂದ ಹಳೆಯ ಪಕ್ಷವೇ ಬಲವಾದುದೆಂದು ನಮ್ಮ ಮತ.

ಆದರೆ ವಿಮರ್ಶೆಯು ಇಲ್ಲಿಗೆ ನಿಲ್ಲಬಾರದು. ಈ ಪ್ರಾರ್ಥನಾಗೃಹದ ದಾನಿ ಕಾರ್ಡಿನಲ್ ಕೊಂಟರೆಲ್ಲಿ 1585ರಲ್ಲಿ ತೀರಿಕೊಂಡಿದ್ದನು. ಅವನ ಇಚ್ಛೆಯಂತೆ ಚಿತ್ರಕ್ಕೆ ಗೊತ್ತುಮಾಡಿದ್ದ ನಿರೂಪದಲ್ಲಿ ಮತ್ತಾಯನು ಪೀಠದಿಂದ ಏಳುತ್ತಿರಬೇಕೆಂದಿತ್ತು. ಚಿತ್ರಕಾರನು ಅವನನ್ನು ಏಳಿಸಲಿಲ್ಲ. ಒಂದು ಕೈ ಪ್ರಶ್ನೆ ಕೇಳುತ್ತಿದೆ. ಇನ್ನೊಂದು ಇನ್ನೂ ನಾಣ್ಯಗಳ ಬಳಿಯೇ ಇದೆ. ಇತ್ತ ಯೇಸುವಿನ ಪಾದಗಳಾದರೋ ಆಗಲೇ ಹೊರಡುವ ದಿಕ್ಕಿಗೆ ತಿರುಗಿವೆ! ಕರೆ ಬಂದಿದೆ, ಉತ್ತರ ಬಂದಿಲ್ಲ, ಕಾಲಾವಕಾಶವೂ ಇಲ್ಲ. ಸುವಾರ್ತೆಯು ಎರಡು ಕ್ರಿಯಾಪದಗಳ ನಡುವೆ ಹೇಳದೆ ಬಿಟ್ಟ ಕ್ಷಣವನ್ನೇ ಕಾರವಾಜ್ಜೋ ಚಿತ್ರದ ವಸ್ತುವಾಗಿಸಿಕೊಂಡಿದ್ದಾನೆ.

ಯೇಸುವಿನ ಕೈಯೂ ಗಮನಾರ್ಹವಾದುದು. ಅದು ಸಿಸ್ಟೀನ್ ಪ್ರಾರ್ಥನಾಗೃಹದ ಮೇಲ್ಛಾವಣಿಯಲ್ಲಿ ಮೈಕೆಲಾಂಜೆಲೋ ಬರೆದ ಆದಾಮನ ಕೈಯನ್ನು ನೆನಪಿಗೆ ತರುತ್ತದೆ. ಅಲ್ಲಿ ಜೀವವನ್ನು ಪಡೆಯುವ ಕೈ, ಇಲ್ಲಿ ಹೊಸ ಬಾಳನ್ನು ನೀಡುವ ಕೈ. ಬೆಳಕಾದರೋ ಚಿತ್ರದೊಳಗಿನ ಕಿಟಕಿಯಿಂದ ಬರದೆ, ಯೇಸುವಿನ ತಲೆಯ ಮೇಲಿನಿಂದ ಓರೆಯಾಗಿ ಇಳಿದು ಮೇಜಿನವರ ಮುಖಗಳನ್ನು ಮುಟ್ಟುತ್ತದೆ.

ಉಪಾಧ್ಯಾಯರು ಈ ಚಿತ್ರದ ಪ್ರತಿಯನ್ನು ತರಗತಿಯಲ್ಲಿ ತೋರಿಸಿದಾಗ, 'ಮತ್ತಾಯ ಯಾರು?' ಎಂದು ಕೇಳಿ ಉತ್ತರವನ್ನು ಬರೆಸಿಬಿಡದಿರಲಿ. 'ಯಾವ ಆಧಾರದಿಂದ ಹಾಗೆಂದೆ?' ಎಂದು ಮುಂದುವರಿದು ಕೇಳಲಿ. ತರುಣನ ಪಕ್ಷ ಹಿಡಿದ ವಿದ್ಯಾರ್ಥಿಯೂ ಚಿತ್ರದಿಂದಲೇ ಕಾರಣವನ್ನು ಎತ್ತಿ ತೋರಿಸಿದನಾದರೆ, ಅವನು ನೋಡಲು ಕಲಿತನೆಂದೇ ಭಾವಿಸಬೇಕು.