ಪಠ್ಯದಲ್ಲಿ ಸಾಹಿತ್ಯ
ಕೆರಿಬಿಯನ್ ದ್ವೀಪವೊಂದರ ಬಾಲಕಿ, ತಾನು ಎಂದೂ ಕಾಣದ ಡ್ಯಾಫೊಡಿಲ್ ಹೂವಿನ ಪದ್ಯವನ್ನು ಶಾಲೆಯಲ್ಲಿ ಬಾಯಿಪಾಠ ಮಾಡಬೇಕಾಗಿ ಬಂದ ಸಂಕಟವನ್ನು ಜಮೈಕಾ ಕಿನ್‌ಕೇಡ್ ಅವರ ‘ಲೂಸಿ’ (1990) ಕಾದಂಬರಿ ಚಿತ್ರಿಸುತ್ತದೆ. ನಮ್ಮ ಪಾಡು ಬೇರೆ. ಹೂವು ನಮ್ಮದೇ, ಮಾಲೆ ಕಟ್ಟುವ ಕೈ ಯಾರದೆಂಬುದೇ ಜಗಳ. 2022ರಲ್ಲಿ ಪಠ್ಯ ಪರಿಷ್ಕರಿಸಿದ ರೀತಿಯನ್ನು ವಿರೋಧಿಸಿ ದೇವನೂರ ಮಹಾದೇವ ಅವರು ಹತ್ತನೆಯ ತರಗತಿಯ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನೇ ಹಿಂತೆಗೆದುಕೊಂಡರು. 2023ರಲ್ಲಿ ಸರ್ಕಾರ ಬದಲಾಯಿತು. ಪಾಠಗಳೂ ಮತ್ತೆ ಬದಲಾದುವು. ಎರಡು ಸಲವೂ ಹೆಸರುಗಳ ಎಣಿಕೆ ನಡೆಯಿತೇ ಹೊರತು, ಆ ಗದ್ಯ ಹದಿನೈದರ ಹರೆಯಕ್ಕೆ ರುಚಿಸೀತೇ ಎಂದು ಕೇಳಿದವರು ವಿರಳ. ಕೆಂಗೇರಿಯ ಮಕ್ಕಳಿಗೆ ಕಪ್ಪಾದ ವೃಷಭಾವತಿಯನ್ನು ಕಣ್ಣಿಟ್ಟು ನೋಡಲು ಕಲಿಸಬಲ್ಲ ಗದ್ಯ ಬೇಕು. ಆಯ್ಕೆಗೆ ಅದೇ ಒರೆಗಲ್ಲಾಗಲಿ, ಲೇಖಕನ ಪಕ್ಷವಲ್ಲ.