ಯೇಸುವಿನ ಜನನವೃತ್ತಾಂತದ ಪ್ರಾಮಾಣ್ಯ

ಉತ್ತರಹಳ್ಳಿಗೆ ಆಗ್ನೇಯದಲ್ಲಿರುವ ಬೇಗೂರಿನ ಶಾಸನವೊಂದು ಸುಮಾರು ಕ್ರಿ. ಶ. 890ರಲ್ಲಿಯೇ ಬೆಂಗಳೂರನ್ನು ಹೆಸರಿಸುತ್ತದೆ. ಮುನ್ನೂರು ವರ್ಷಗಳ ತರುವಾಯ ಇಮ್ಮಡಿ ವೀರಬಲ್ಲಾಳನು ಬೆಂದ ಕಾಳನ್ನುಂಡುದರಿಂದ ಆ ಹೆಸರು ಬಂದಿತೆಂಬ ಐತಿಹ್ಯವು ಅದರೆದುರು ನಿಲ್ಲದು. ಆದರೂ ಊರು ಸುಳ್ಳೆನ್ನುವವರಿಲ್ಲ. ಯೇಸುವಿನ ಜನನವೃತ್ತಾಂತವನ್ನು ಶೋಧಿಸುವವರಿಗೂ ಈ ಎಚ್ಚರವು ಅವಶ್ಯ.

ಮತ್ತಾಯನ ಪ್ರಕಾರ ಶಿಶುವು ಹುಟ್ಟಿದುದು ಹೆರೋದನ ಆಳಿಕೆಯಲ್ಲಿ. ಆ ಅರಸನು ಕ್ರಿ. ಪೂ. 4ರಲ್ಲಿ ಮಡಿದನೆಂಬುದು ಬಹುಮಂದಿ ವಿದ್ವಾಂಸರ ನಿರ್ಣಯ. ಲೂಕನು ಹೆರೋದನ ಕಾಲವನ್ನೇ ಹೇಳಿ ಕಥೆಯನ್ನಾರಂಭಿಸಿದರೂ, ಜನನದೆಡೆಯಲ್ಲಿ ಕುರೇನ್ಯನು ಸಿರಿಯದ ಅಧಿಪತಿಯಾಗಿದ್ದಾಗಿನ ಖಾನೇಷುಮಾರಿಯನ್ನು ತರುತ್ತಾನೆ. ಯೆಹೂದ್ಯ ಇತಿಹಾಸಕಾರನಾದ ಜೋಸೆಫಸನ ಲೆಕ್ಕದಲ್ಲಿ ಅದು ನಡೆದುದು ಹೆರೋದನ ಮಗನಾದ ಅರ್ಖೆಲಾಯನು ಪದಚ್ಯುತನಾದ ಮೇಲೆ, ಕ್ರಿ. ಶ. 6ರಲ್ಲಿ. ಕುರೇನ್ಯನು ಹಿಂದೆಯೂ ಒಮ್ಮೆ ಸಿರಿಯವನ್ನಾಳಿರಬೇಕೆಂದು ಕೆಲವರು ಸಮಾಧಾನ ಹೇಳುವರು. ಆದರೆ ಹೆರೋದನ ಕಡೆಗಾಲದಲ್ಲಿ ಅಲ್ಲಿದ್ದ ಅಧಿಪತಿಗಳು ಸತುರ್ನಿನಸನೂ ವಾರಸನೂ. ಭಕ್ತಿಯಿಂದ ಹುಟ್ಟಿದ್ದಾದರೂ ಊಹೆಯು ಊಹೆಯೇ ಸರಿ. ಇಲ್ಲಿ ಲೂಕನು ತಪ್ಪಿದನೆಂದೇ ಒಪ್ಪಬೇಕು.

ಶಿಶುಹತ್ಯೆಯನ್ನು ಜೋಸೆಫಸನು ಹೇಳಿಲ್ಲವೆಂಬ ಆಕ್ಷೇಪಕ್ಕೆ ನಾವು ಅಷ್ಟು ಬೆಲೆ ಕೊಡಲಾರೆವು. ಬೇತ್ಲೆಹೇಮು ಚಿಕ್ಕ ಊರು. ಹೆರೋದನ ಕ್ರೌರ್ಯಗಳೋ ಅನೇಕ.

ಮತ್ತಾಯ ಲೂಕರಲ್ಲಿ ಒಬ್ಬನು ಮತ್ತೊಬ್ಬನ ಜನನಕಥೆಯನ್ನು ನೋಡಿ ಬರೆದಂತೆ ತೋರುವುದಿಲ್ಲ. ಆದರೂ ಹೆರೋದನ ಕಾಲ, ಬೇತ್ಲೆಹೇಮಿನ ಹುಟ್ಟು, ನಜರೇತಿನ ವಾಸ, ಈ ಮೂರರಲ್ಲಿ ಇಬ್ಬರೂ ಕೂಡುತ್ತಾರೆ. ಬೇತ್ಲೆಹೇಮು ಮೀಕನ ಪ್ರವಾದನೆಯಿಂದ ಕಥೆಯೊಳಗೆ ಬಂದಿರಬಹುದು. ಮಾರ್ಕನಲ್ಲಿ ಅದರ ಸುದ್ದಿಯೇ ಇಲ್ಲ. ನಜರೇತಿನ ಸಂಗತಿ ಬೇರೆ. ಮತ್ತಾಯನು ಅದಕ್ಕೂ ಪ್ರವಾದಿಗಳ ಮಾತನ್ನು ಹೊಂದಿಸಹೊರಟಿದ್ದಾನೆ. ಹಳೆಯ ಒಡಂಬಡಿಕೆಯಲ್ಲಾದರೋ ಆ ಊರಿನ ಹೆಸರೇ ದೊರೆಯದು. ಬೇಕೆಂದು ಕಟ್ಟುವವನು ಇಂತಹ ಊರನ್ನು ಆರಿಸುತ್ತಿರಲಿಲ್ಲ.